ಹೆಸರಿಸಿದರೆ ಸಾಲದು: ಇಂಗ್ಲಿಷ್ ಪ್ರಬಂಧದ ತರಗತಿ ಕಲಿಸಿದ ಹನ್ನೊಂದು ಪಾಠಗಳು

ಅಮೆರಿಕದ ಹೈಸ್ಕೂಲುಗಳಲ್ಲಿ ಹನ್ನೊಂದನೇ ತರಗತಿಗೆ ಬಂದ ಬಹಳಷ್ಟು ಮಕ್ಕಳು ಎ.ಪಿ. ಇಂಗ್ಲಿಷ್ ಲ್ಯಾಂಗ್ವೇಜ್ ಎಂಬ ಕೋರ್ಸ್ ತೆಗೆದುಕೊಳ್ಳುತ್ತಾರೆ. ಕಾಲೇಜು ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಓದಿಸುವ ವ್ಯವಸ್ಥೆ ಇದು. ಪರೀಕ್ಷೆ ನಡೆಸುವುದು ಕಾಲೇಜ್ ಬೋರ್ಡ್, ಮೇ ತಿಂಗಳಲ್ಲಿ. ಅದರಲ್ಲಿ ಮೂರು ಪ್ರಬಂಧ ಬರೆಯಬೇಕು. ಕೊಟ್ಟ ಹಲವು ಆಕರಗಳನ್ನು ಬಳಸಿ ವಾದ ಕಟ್ಟುವುದು ಒಂದು. ಸ್ವಂತ ನಿಲುವನ್ನು ಸಮರ್ಥಿಸುವುದು ಇನ್ನೊಂದು. ಇವೆರಡರ ನಡುವೆ ಕೂತಿರುವುದು ರೆಟೊರಿಕಲ್ ಅನಾಲಿಸಿಸ್. ಯಾರೋ ಮಾಡಿದ ಭಾಷಣವನ್ನೋ ಬರೆದ ಪತ್ರವನ್ನೋ ಕೊಟ್ಟು, ಇವರು ತಮ್ಮ ಉದ್ದೇಶ ಸಾಧಿಸಲು ಮಾತನ್ನು ಹೇಗೆ ಹೆಣೆದಿದ್ದಾರೆ, ವಿವರಿಸಿ ಎಂದು ಕೇಳುತ್ತಾರೆ.

ನ್ಯೂಜೆರ್ಸಿಯ ಹೈಸ್ಕೂಲೊಂದರಲ್ಲಿ ನಾನು ಕಲಿಸುವುದು ಇದನ್ನೇ. ತರಗತಿಯಲ್ಲಿ ಕನ್ನಡದ ಮನೆಗಳ ಮಕ್ಕಳೂ ಇರುತ್ತಾರೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಮೇಡಂ, ಇವಳಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಆದ್ರೂ ಈ ಪ್ರಬಂಧಕ್ಕೆ ಮಾತ್ರ ಆರಕ್ಕೆ ಮೂರೇ ಬರುತ್ತಲ್ಲ, ಯಾಕೆ? ಇದ್ರಲ್ಲಿ ಏನು ಬರೀಬೇಕು ಅಂತಾರೆ ಇವರು?"

ಸಾಲಿನಲ್ಲಿ ತಟ್ಟೆ ಹಿಡಿದು ಹೇಳಿ ಮುಗಿಸುವ ಉತ್ತರ ಅದಲ್ಲ. ತರಗತಿ ನನಗೆ ಕಲಿಸಿದ್ದನ್ನು ಇಲ್ಲಿ ಸಾಲಾಗಿ ಬರೆದಿದ್ದೇನೆ. ಪರೀಕ್ಷೆ ಬರೆಯದವರಿಗೂ, ಕರ್ನಾಟಕದಲ್ಲಿ ಭಾಷಾಪಾಠ ಮಾಡುವವರಿಗೂ ಇದರಲ್ಲಿ ಕೆಲಸಕ್ಕೆ ಬರುವುದು ಇದೆ ಎಂದು ನನ್ನ ನಂಬಿಕೆ.

1. ಹೇಳಿದ್ದನ್ನು ಮತ್ತೆ ಹೇಳಬೇಡಿ, ಮಾಡಿದ್ದನ್ನು ಹೇಳಿ

ಮಕ್ಕಳು ಕೊಡುವ ಮೊದಲ ಕರಡು ಬಹುಪಾಲು ಸಾರಾಂಶವೇ ಆಗಿರುತ್ತದೆ. 1930ರ ಮಾರ್ಚ್ 2ರಂದು ಗಾಂಧೀಜಿ ವೈಸರಾಯ್ ಲಾರ್ಡ್ ಇರ್ವಿನ್‌ಗೆ ಪತ್ರ ಬರೆದರು. ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮುಂಚಿನ ಪತ್ರ ಅದು. 2019ರ ಎ.ಪಿ. ಪರೀಕ್ಷೆಯಲ್ಲಿ ಅದರದೇ ಒಂದು ಭಾಗವನ್ನು ವಿಶ್ಲೇಷಣೆಗೆ ಕೊಟ್ಟಿದ್ದರು. ತರಗತಿಯಲ್ಲಿ ನಾನು ಇಡೀ ಪತ್ರವನ್ನೇ ಓದಿಸುತ್ತೇನೆ. ಓದಿದ ಮಕ್ಕಳು ಬರೆಯುವುದು ಹೀಗೆ: ಗಾಂಧಿ ಬ್ರಿಟಿಷ್ ಆಡಳಿತ ಕೆಟ್ಟದ್ದು ಎನ್ನುತ್ತಾರೆ, ತೆರಿಗೆ ಜಾಸ್ತಿ ಎನ್ನುತ್ತಾರೆ, ತಾವು ಅಹಿಂಸೆಯಿಂದ ಹೋರಾಡುವುದಾಗಿ ಹೇಳುತ್ತಾರೆ. ಇದರಲ್ಲಿ ಒಂದೂ ತಪ್ಪಿಲ್ಲ. ಅಂಕವೂ ಇಲ್ಲ.

ಕ್ರಿಯಾಪದ ಬದಲಾಯಿಸಿ ಎನ್ನುತ್ತೇನೆ. 'ಹೇಳುತ್ತಾರೆ', 'ತಿಳಿಸುತ್ತಾರೆ' ಎಂಬ ಎರಡು ಪದ ನನ್ನ ತರಗತಿಯಲ್ಲಿ ನಿಷಿದ್ಧ. ಹಾಗೆಂದ ತಕ್ಷಣ ಮಕ್ಕಳು ಪತ್ರಕ್ಕೆ ವಾಪಸು ಹೋಗಬೇಕಾಗುತ್ತದೆ. ತನ್ನನ್ನು ಆಳುವವನನ್ನು ಮಿತ್ರ ಎಂದು ಕರೆದು ಗಾಂಧಿ ತಮ್ಮನ್ನು ಅವನ ಸರಿಸಮಕ್ಕೆ ತಂದುಕೊಳ್ಳುತ್ತಾರೆ. ಆಡಳಿತವನ್ನು ಶಾಪ ಎನ್ನುತ್ತಲೇ ಆಂಗ್ಲರನ್ನು ಅದರಿಂದ ಬೇರ್ಪಡಿಸುತ್ತಾರೆ. ಬೆದರಿಕೆಯಂತೆ ಕೇಳಬಹುದಾದ ಗಡುವನ್ನು ಕರ್ತವ್ಯದ ಮಾತಾಗಿ ತಿರುಗಿಸುತ್ತಾರೆ. ಬೇರ್ಪಡಿಸು, ತಿರುಗಿಸು, ಒಪ್ಪಿಕೊಂಡಂತೆ ಮಾಡು, ಮೂಲೆಗೆ ತಳ್ಳು, ದಾರಿ ಬಿಡು: ಇಂಥ ಕ್ರಿಯಾಪದ ಸಿಕ್ಕಿತೆಂದರೆ ವಿಶ್ಲೇಷಣೆ ಶುರುವಾಯಿತು.

2. ಕೇಳುಗ ಯಾರೆಂದು ಗೊತ್ತಾಗದೆ ಪೆನ್ನು ಎತ್ತಬೇಡಿ

1963ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಸಂತ ಪಾಲ್ ಬರುತ್ತಾನೆ, ಸಾಕ್ರಟೀಸ್ ಬರುತ್ತಾನೆ, ಥಾಮಸ್ ಅಕ್ವಿನಾಸ್, ಮಾರ್ಟಿನ್ ಬ್ಯೂಬರ್ ಬರುತ್ತಾರೆ. ಮಕ್ಕಳು ಬರೆಯುತ್ತಾರೆ: ಕಿಂಗ್ ತುಂಬಾ ಓದಿಕೊಂಡವರು ಎಂದು ತೋರಿಸಲು ಈ ಹೆಸರುಗಳನ್ನು ಬಳಸಿದ್ದಾರೆ.

ಪತ್ರ ಯಾರಿಗೆ ಎಂದು ಕೇಳಿದರೆ ಉತ್ತರವೇ ಬದಲಾಗುತ್ತದೆ. ಅಲಬಾಮಾದ ಎಂಟು ಬಿಳಿಯ ಧರ್ಮಗುರುಗಳು, ಕಿಂಗ್ ನಡೆಸುತ್ತಿದ್ದ ಪ್ರತಿಭಟನೆ ವಿವೇಕದ್ದಲ್ಲ, ಸಮಯವೂ ಸರಿಯಿಲ್ಲ ಎಂದು ಹೇಳಿಕೆ ಕೊಟ್ಟಿದ್ದರು. ಅವರಿಗೆ ಬರೆದ ಉತ್ತರ ಇದು. ಹೊರಗಿನವನಿಗೆ ಇಲ್ಲೇನು ಕೆಲಸ ಎಂಬ ಆಕ್ಷೇಪಕ್ಕೆ ಕಿಂಗ್ ಪಾಲ್‌ನನ್ನು ಮುಂದಿಡುತ್ತಾರೆ. ಊರೂರು ಅಲೆದು ಸುವಾರ್ತೆ ಸಾರಿದ ಪಾಲ್‌ನನ್ನು ಪಾದ್ರಿಯೊಬ್ಬ ಹೊರಗಿನವನು ಎನ್ನಲಾರ. ಅನ್ಯಾಯದ ಕಾನೂನು ಯಾವುದು ಎಂಬ ಪ್ರಶ್ನೆಗೆ ಕ್ಯಾಥೊಲಿಕರು ತಳ್ಳಿಹಾಕಲಾಗದ ಅಕ್ವಿನಾಸ್ ಇದ್ದಾನೆ. ಆ ಎಂಟು ಮಂದಿಯಲ್ಲಿ ಒಬ್ಬರು ಯಹೂದಿ ರಬ್ಬಿ ಎಂಬುದು ಗೊತ್ತಿದ್ದರೆ ಯಹೂದಿ ಚಿಂತಕ ಬ್ಯೂಬರ್ ಯಾಕೆ ಬಂದ ಎಂದು ಬೇರೆ ಹೇಳಬೇಕಿಲ್ಲ. ಅವರವರ ಕಪಾಟಿನಲ್ಲಿದ್ದ ಪುಸ್ತಕವನ್ನೇ ತೆಗೆದು ಅವರವರ ಮುಂದೆ ತೆರೆದಿಟ್ಟಿದ್ದಾರೆ ಕಿಂಗ್.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ: ವಿಳಾಸದಲ್ಲಿ ಇಲ್ಲದವರು ಯಾರು ಓದಲಿ ಎಂದು ಬರೆದದ್ದು? ಎಂಟು ಮಂದಿಗೆ ಬರೆದ ಪತ್ರವನ್ನು ಇಡೀ ದೇಶ ಓದಿತು. ವೈಸರಾಯ್‌ಗೆ ಬರೆದದ್ದನ್ನು ಜಗತ್ತು ಓದಿತು. ಒಳ್ಳೆಯ ಪ್ರಬಂಧಗಳಲ್ಲಿ ಈ ಇಬ್ಬರು ಕೇಳುಗರೂ ಕಾಣಿಸುತ್ತಾರೆ.

3. ಪ್ರಶ್ನೆಯ ಮೇಲಿರುವ ಎರಡು ಸಾಲಿನಲ್ಲಿ ಅರ್ಧ ಉತ್ತರ ಇರುತ್ತದೆ

ಪ್ರಶ್ನೆಪತ್ರಿಕೆಯಲ್ಲಿ ಉದ್ಧೃತ ಭಾಗದ ಮುಂಚೆ ಒಂದು ಚಿಕ್ಕ ಟಿಪ್ಪಣಿ ಇರುತ್ತದೆ: ಯಾರು, ಯಾವಾಗ, ಎಲ್ಲಿ, ಯಾರೆದುರು. ಅವಸರದಲ್ಲಿ ಮಕ್ಕಳು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ.

2010ರ ಪರೀಕ್ಷೆಯಲ್ಲಿ ಬಂದದ್ದು ಬೆಂಜಮಿನ್ ಬ್ಯಾನೆಕರ್ 1791ರಲ್ಲಿ ಥಾಮಸ್ ಜೆಫರ್ಸನ್‌ಗೆ ಬರೆದ ಪತ್ರ. ಬ್ಯಾನೆಕರ್ ಮೇರಿಲ್ಯಾಂಡಿನ ಸ್ವತಂತ್ರ ಕಪ್ಪು ಮನುಷ್ಯ, ಪಂಚಾಂಗ ರಚಿಸಿದ ಖಗೋಳಜ್ಞ. ಜೆಫರ್ಸನ್ ಆಗ ವಿದೇಶಾಂಗ ಕಾರ್ಯದರ್ಶಿ, 1776ರ ಸ್ವಾತಂತ್ರ್ಯ ಘೋಷಣೆ ಬರೆದವನು, ಜೊತೆಗೆ ಗುಲಾಮರ ಒಡೆಯ. ಈ ಮೂರನ್ನು ಸಾಲಾಗಿ ಬರೆದುಕೊಂಡರೆ ಸಾಕು, ಪತ್ರದ ತಂತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಕೈಗೆ ಬ್ಯಾನೆಕರ್ ಅದೇ ಬರಹವನ್ನು ವಾಪಸು ಕೊಡುತ್ತಾನೆ. ಬ್ರಿಟಿಷ್ ರಾಜನ ದಬ್ಬಾಳಿಕೆಯನ್ನು ನೆನಪಿಸಿಕೊಳ್ಳಿ ಎಂದು ವಿನಯದಿಂದ ಕೇಳಿ, ಅದೇ ದಬ್ಬಾಳಿಕೆಯನ್ನು ನೀವೂ ನಡೆಸುತ್ತಿದ್ದೀರಿ ಎಂಬಲ್ಲಿಗೆ ತಂದು ನಿಲ್ಲಿಸುತ್ತಾನೆ. ವಿನಯ ಅವನಿಗೆ ಅನಿವಾರ್ಯವೂ ಹೌದು, ಆಯುಧವೂ ಹೌದು. ಕಾಲ ತಿಳಿಯದೆ ಓದಿದವರಿಗೆ ಇಲ್ಲಿ ಬರೀ ವಿನಯ ಕಾಣುತ್ತದೆ.

4. ಅಲಂಕಾರ ಹೆಸರಿಸಿ, ಸಮನ್ವಯಿಸಿ, ಅಲ್ಲಿಗೇ ನಿಲ್ಲಬೇಡಿ

ಕನ್ನಡ ಮಾಧ್ಯಮದಲ್ಲಿ ಓದಿದ ಅಪ್ಪ ಅಮ್ಮಂದಿರಿಗೆ ಈ ಪಾಠ ಬೇಗ ತಲೆಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಕೇಳುತ್ತಿದ್ದರಲ್ಲ, ಈ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಿಸಿ ಎಂದು. ಉಪಮೇಯ ಯಾವುದು, ಉಪಮಾನ ಯಾವುದು, ಉಪಮಾವಾಚಕ, ಸಮಾನಧರ್ಮ. ನಾಲ್ಕೂ ಬರೆದರೆ ಪೂರ್ತಿ ಅಂಕ. ಹೆಸರು ಗೊತ್ತಿದ್ದರೆ ಸಾಲದು, ವಾಕ್ಯಕ್ಕೆ ಹೊಂದಿಸಿ ತೋರಿಸಬೇಕು ಎಂಬ ಶಿಸ್ತು ಅದರಲ್ಲಿತ್ತು. ಒಳ್ಳೆಯ ಶಿಸ್ತು. ರೆಟೊರಿಕಲ್ ಅನಾಲಿಸಿಸ್ ಅದರ ಮೇಲೆ ಇನ್ನೊಂದು ಮೆಟ್ಟಿಲು ಹತ್ತಲು ಕೇಳುತ್ತದೆ: ಆ ಅಲಂಕಾರ ಅಲ್ಲೇ ಯಾಕೆ, ಆ ಕೇಳುಗರ ಮೇಲೆ ಅದು ಏನು ಮಾಡಿತು?

ಫ್ಲಾರೆನ್ಸ್ ಕೆಲಿ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡಿದವಳು. 1905ರ ಜುಲೈ 22ರಂದು ಫಿಲಡೆಲ್ಫಿಯಾದಲ್ಲಿ, ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಸೇರಿದ ಸಮ್ಮೇಳನದಲ್ಲಿ ಮಾತಾಡಿದಳು. 2011ರ ಪರೀಕ್ಷೆಗೆ ಬಂದ ಈ ಭಾಷಣ ಇವತ್ತಿಗೂ ನನ್ನ ತರಗತಿಯ ಕಡ್ಡಾಯ ಓದು. ನಾವು ನಿದ್ದೆ ಮಾಡುವ ಹೊತ್ತಿನಲ್ಲಿ ಹೆಣ್ಣುಮಕ್ಕಳು ಗಿರಣಿಯಲ್ಲಿ ದುಡಿಯುತ್ತಿರುತ್ತಾರೆ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ.

ಮೊದಲ ಮೆಟ್ಟಿಲು: ಇದು ಪುನರಾವರ್ತನೆ. ಎರಡನೆಯದು: ನಿದ್ದೆಯೂ ದುಡಿಮೆಯೂ ಒಂದೇ ಗಳಿಗೆಯಲ್ಲಿ ನಡೆಯುತ್ತಿವೆ ಎಂಬುದನ್ನು ಅದು ಜೋಡಿಸುತ್ತದೆ. ಮೂರನೆಯದು ಕಷ್ಟದ್ದು. ಸಭೆಯಲ್ಲಿ ಕೂತವರು ಮಿಲ್ಲಿನ ಮಾಲೀಕರಲ್ಲ, ಒಳ್ಳೆಯ ಮನಸ್ಸಿನ ಹೆಂಗಸರು. ಬೈದರೆ ತಮಗಲ್ಲ ಎಂದುಕೊಳ್ಳುತ್ತಾರೆ. ಆದರೆ ಯಾರೂ ನಿದ್ದೆ ಮಾಡದೆ ಇರಲಾರರು. ನಿದ್ದೆಯಂಥ ನಿರಪರಾಧಿ ಕೆಲಸವನ್ನೇ ಹಿಡಿದು, ಆ ರಾತ್ರಿ ಮಲಗಲು ಹೋಗುವ ಪ್ರತಿಯೊಬ್ಬಳಿಗೂ ಗಿರಣಿಯ ಹುಡುಗಿ ನೆನಪಾಗುವಂತೆ ಕೆಲಿ ಮಾಡಿಬಿಟ್ಟಳು. ಮುಂದೆ ನಮ್ಮ ಬೂಟು, ನಮ್ಮ ಕಾಲುಚೀಲ ಮಾಡುವವರೂ ಮಕ್ಕಳೇ ಎಂದಾಗ ಆ 'ನಾವು' ಇನ್ನಷ್ಟು ಬಿಗಿಯುತ್ತದೆ.

ಮೂರನೆಯ ಮೆಟ್ಟಿಲು ಹತ್ತಿದ ಮಗುವಿಗೆ ಮೊದಲನೆಯದರ ಗ್ರೀಕ್ ಹೆಸರು ಗೊತ್ತಿಲ್ಲದಿದ್ದರೂ ಅಂಕ ಬರುತ್ತದೆ. ಅನಫೊರ, ಕಯಾಸ್ಮಸ್, ಅಸಿಂಡಿಟನ್ ಎಂದು ಪಟ್ಟಿ ಉರು ಹೊಡೆದು ಮೊದಲನೆಯದರಲ್ಲೇ ನಿಂತವರಿಗೆ ಬರುವುದಿಲ್ಲ. ಇದು ನಮಗೆ ಹೊಸ ಮಾತೇನಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಗುಣ, ದೋಷ, ಅಲಂಕಾರಗಳನ್ನು ವಿಚಾರಿಸಿದ್ದು ಮಾತು ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂದು ತಿಳಿಯಲಿಕ್ಕಾಗಿಯೇ. ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯ ಎಂದದ್ದೂ ಇದನ್ನೇ: ಜಾಗ ತಪ್ಪಿದ ಅಲಂಕಾರ ಅಲಂಕಾರವೇ ಅಲ್ಲ.

5. ಮೂರು ಡಬ್ಬಿ ಇಟ್ಟುಕೊಂಡು ಓದಬೇಡಿ

ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಅರಿಸ್ಟಾಟಲ್ ಮಾತು ಮನವೊಲಿಸುವ ಬಗೆಯನ್ನು ಮೂರಾಗಿ ವಿಂಗಡಿಸಿದ. ಮಾತಾಡುವವನ ಮೇಲಿನ ವಿಶ್ವಾಸ ಎಥೋಸ್, ಕೇಳುವವನಲ್ಲಿ ಎಬ್ಬಿಸುವ ಭಾವ ಪೇಥೋಸ್, ಮಾತಿನೊಳಗಿನ ತರ್ಕ ಲೋಗೋಸ್. ಶಾಲೆಗಳಲ್ಲಿ ಇದು ಮೂರು ಪ್ಯಾರಾದ ಅಚ್ಚಾಗಿಬಿಟ್ಟಿದೆ: ಒಂದರಲ್ಲಿ ಎಥೋಸ್, ಒಂದರಲ್ಲಿ ಪೇಥೋಸ್, ಒಂದರಲ್ಲಿ ಲೋಗೋಸ್, ಪ್ರಬಂಧ ಮುಗಿಯಿತು. ಈ ಅಚ್ಚಿನಲ್ಲಿ ಯಾವ ಭಾಷಣವನ್ನು ಹಾಕಿದರೂ ಒಂದೇ ಪ್ರಬಂಧ ಬರುತ್ತದೆ.

ಈ ಅಚ್ಚನ್ನು ಒಡೆಯಲು ಮತ್ತೆ ಗಾಂಧೀಜಿಯ ಪತ್ರಕ್ಕೇ ಹೋಗುತ್ತೇನೆ. ವೈಸರಾಯ್ ಸಂಬಳ ತಿಂಗಳಿಗೆ 21,000 ರೂಪಾಯಿ, ಅಂದರೆ ದಿನಕ್ಕೆ 700ಕ್ಕೂ ಹೆಚ್ಚು; ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗಿಂತ ಕಡಿಮೆ. ಬ್ರಿಟನ್ನಿನ ಪ್ರಧಾನಿ ತನ್ನ ಪ್ರಜೆಯ ಸರಾಸರಿ ಆದಾಯದ 90 ಪಟ್ಟು ಪಡೆದರೆ, ವೈಸರಾಯ್ ಪಡೆಯುವುದು 5,000 ಪಟ್ಟಿಗೂ ಮಿಗಿಲು ಎಂದು ಗಾಂಧಿ ಲೆಕ್ಕ ಕೊಡುತ್ತಾರೆ. ಇದು ಲೋಗೋಸ್ ತಾನೇ? ಅಂಕಿಗಳಿವೆ, ಗುಣಾಕಾರವಿದೆ. ಆದರೆ ಓದುವಾಗ ಹೊಟ್ಟೆ ಉರಿಯುವುದಿಲ್ಲವೇ? ಅಲ್ಲಿಗೆ ಪೇಥೋಸೂ ಆಯಿತು. ಅದರ ಬೆನ್ನಿಗೇ, ನಿಮ್ಮನ್ನು ನೋಯಿಸುವ ಇಚ್ಛೆ ನನಗಿಲ್ಲ, ಆ ಸಂಬಳ ನಿಮಗೆ ಬೇಕಾಗಿಯೂ ಇಲ್ಲ, ಬಹುಶಃ ಅದೆಲ್ಲ ದಾನಕ್ಕೇ ಹೋಗುತ್ತದೆ ಎಂಬ ಅರ್ಥದ ಮಾತು ಬರುತ್ತದೆ. ವ್ಯಕ್ತಿಯ ಮೇಲೆ ದ್ವೇಷವಿಲ್ಲದವನ ಲೆಕ್ಕ ಇದು ಎಂದು ಅದು ಲೆಕ್ಕಕ್ಕೆ ನಂಬಿಕೆ ತಂದುಕೊಡುತ್ತದೆ. ಮೂರೂ ಒಂದೇ ಪ್ಯಾರಾದಲ್ಲಿ ಒಂದನ್ನೊಂದು ಎತ್ತಿ ಹಿಡಿದಿವೆ. ಅವನ್ನು ಬಿಡಿಸಿ ಮೂರು ಡಬ್ಬಿಗೆ ಹಾಕಿದರೆ ಪತ್ರದ ಶಕ್ತಿಯೇ ಹೋಯಿತು.

6. ಮಾತು ಎಲ್ಲಿ ಹೊರಳುತ್ತದೆ ನೋಡಿ

ಕೆಲಿಯ ಭಾಷಣದಲ್ಲಿ ನಮ್ಮ ನ್ಯೂಜೆರ್ಸಿಯೂ ಬರುತ್ತದೆ. ದಕ್ಷಿಣದ ರಾಜ್ಯಗಳ ಕಥೆ ಕೇಳಿ ತಲೆಯಾಡಿಸುತ್ತಿದ್ದ ಉತ್ತರದವರಿಗೆ, ತಮ್ಮದೇ ಕಡೆಯ ನ್ಯೂಜೆರ್ಸಿಯನ್ನು ತೋರಿಸುತ್ತಾಳೆ: ಅಲಬಾಮಾದಲ್ಲಿ ಮಕ್ಕಳ ರಾತ್ರಿ ಕೆಲಸಕ್ಕೆ ಎಂಟು ಗಂಟೆಯ ಮಿತಿಯಾದರೂ ಇದೆ, ಇಲ್ಲಿ ಹದಿನಾಲ್ಕು ತುಂಬಿದವರನ್ನು ರಾತ್ರಿಯಿಡೀ ದುಡಿಸಬಹುದು. ನನ್ನ ವಿದ್ಯಾರ್ಥಿಗಳು ಈ ಸಾಲಿಗೆ ಬಂದಾಗ ನೆಟ್ಟಗೆ ಕೂರುತ್ತಾರೆ. ಫಿಲಡೆಲ್ಫಿಯಾದ ಸಭಿಕರೂ ಕೂತಿರಬೇಕು.

ದೊಡ್ಡ ಹೊರಳು ಇನ್ನೂ ಮುಂದಿದೆ. ಬಾಲಕಾರ್ಮಿಕರ ಬಗ್ಗೆ ಇಷ್ಟು ಹೇಳಿದವಳು ಒಮ್ಮೆಲೇ ಕೇಳುತ್ತಾಳೆ: ಈ ರಾಜ್ಯಗಳ ತಾಯಂದಿರಿಗೆ ಮತವಿದ್ದಿದ್ದರೆ ಶಾಸನಸಭೆ ಹೀಗೆ ಮಾಡುತ್ತಿತ್ತೇ? ಆ ಪ್ರಶ್ನೆಯೊಂದಿಗೆ ಮಕ್ಕಳ ಸಮಸ್ಯೆ ಸಭಿಕರ ಸ್ವಂತ ಹೋರಾಟಕ್ಕೆ ಗಂಟು ಬೀಳುತ್ತದೆ. ಈ ಜಾಗ ಗುರುತಿಸಿದ ವಿದ್ಯಾರ್ಥಿಗೆ ಪ್ರಬಂಧದ ಬೆನ್ನೆಲುಬು ಸಿಕ್ಕಿತು. ಹೊರಳಿನ ಮುಂಚೆ ಏನು ನಡೆಯಿತು, ಹೊರಳಿದಾಗ ಏನಾಯಿತು, ಆಮೇಲೆ ಮಾತು ಎಲ್ಲಿಗೆ ಮುಟ್ಟಿತು ಎಂದು ಪಠ್ಯದ ಕ್ರಮದಲ್ಲೇ ಪ್ಯಾರಾ ಕಟ್ಟಬಹುದು.

1863ರ ನವೆಂಬರ್ 19ರ ಗೆಟಿಸ್‌ಬರ್ಗ್ ಭಾಷಣ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಲಿಂಕನ್‌ಗಿಂತ ಮುಂಚೆ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದ್ದ. ಲಿಂಕನ್ ಹೇಳಿದ್ದು 270ರ ಆಸುಪಾಸಿನ ಪದ. ಅಷ್ಟರಲ್ಲೇ ದೇಶ ಹುಟ್ಟಿದ ಕಾಲದಿಂದ ಯುದ್ಧಭೂಮಿಗೆ, ಅಲ್ಲಿಂದ ಬದುಕಿರುವವರು ಮುಗಿಸಬೇಕಾದ ಕೆಲಸಕ್ಕೆ ಎರಡು ಬಾರಿ ಹೊರಳುತ್ತಾನೆ. ಎರಡು ಹೊರಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಸಿದರೆ ಒಂದು ಪೀರಿಯಡ್ಡಿಗೆ ಬೇಕಾದಷ್ಟು ಪಾಠವಾಯಿತು.

7. ಬೇರೆ ಭಾಷಣಕ್ಕೂ ಅಂಟುವ ಥೀಸಿಸ್ ಥೀಸಿಸ್ಸೇ ಅಲ್ಲ

ಆರು ಅಂಕದಲ್ಲಿ ಒಂದು ಥೀಸಿಸ್‌ಗೆ, ಅಂದರೆ ಇಡೀ ಪ್ರಬಂಧದ ವಾದವನ್ನು ಹೊತ್ತ ವಾಕ್ಯಕ್ಕೆ. ಮಕ್ಕಳು ಬರೆಯುವ ಮಾದರಿ ಥೀಸಿಸ್: ಲೇಖಕರು ತಮ್ಮ ಸಂದೇಶ ತಲುಪಿಸಲು ಪದಗಳ ಆಯ್ಕೆ, ಧ್ವನಿ ಮತ್ತು ಪುನರಾವರ್ತನೆಯನ್ನು ಪರಿಣಾಮಕಾರಿಯಾಗಿ ಬಳಸಿದ್ದಾರೆ.

ನನ್ನ ಪರೀಕ್ಷೆ ಸರಳ. ವಾಕ್ಯದಲ್ಲಿರುವ ಲೇಖಕರ ಹೆಸರಿನ ಮೇಲೆ ಬೆರಳಿಡಿ. ಉಳಿದದ್ದು ಚುನಾವಣಾ ಭಾಷಣಕ್ಕೂ ಟೂತ್‌ಪೇಸ್ಟ್ ಜಾಹೀರಾತಿಗೂ ಹೊಂದುತ್ತದೆಯೇ? ಹೊಂದಿದರೆ ಹರಿದು ಹಾಕಿ. ಈಗ ಇದನ್ನು ನೋಡಿ: ವೈಸರಾಯ್‌ನನ್ನು ಅವನ ಸರಕಾರದಿಂದ ಬೇರ್ಪಡಿಸಿ ಮಿತ್ರನ ಜಾಗದಲ್ಲಿ ಕೂರಿಸುವ ಮೂಲಕ, ಗಾಂಧಿ ಒಪ್ಪುವುದನ್ನು ಅವನಿಗೆ ಗೌರವದ ದಾರಿಯಾಗಿಯೂ, ನಿರಾಕರಿಸುವುದನ್ನು ಜಗತ್ತಿನೆದುರು ಅವನದೇ ಹೊಣೆಯಾಗಿಯೂ ಮಾಡುತ್ತಾರೆ. ಇದು ಬೇರೆ ಯಾವ ಪತ್ರಕ್ಕೂ ಅಂಟುವುದಿಲ್ಲ. ಇದರಲ್ಲಿ ಒಂದೇ ಒಂದು ಅಲಂಕಾರದ ಹೆಸರೂ ಇಲ್ಲ.

8. ಉದ್ಧರಣೆ ಗೇಣುದ್ದ, ವಿವರಣೆ ಮಾರುದ್ದ

ನಾಲ್ಕು ಅಂಕ ಇರುವುದು ಸಾಕ್ಷ್ಯಕ್ಕೆ ಮತ್ತು ಅದರ ವಿವರಣೆಗೆ. ಆಟ ನಡೆಯುವುದು ಇಲ್ಲೇ. ಮಕ್ಕಳು ನಾಲ್ಕು ಸಾಲು ಉದ್ಧರಿಸಿ, ಇದು ಲೇಖಕರ ಭಾವನೆಯನ್ನು ತೋರಿಸುತ್ತದೆ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನನ್ನ ನಿಯಮ ತದ್ವಿರುದ್ಧ: ಉದ್ಧರಿಸಲು ನಾಲ್ಕೈದು ಪದ ಸಾಕು, ಅದರ ಬೆನ್ನಿಗೆ ಕನಿಷ್ಠ ಎರಡು ವಾಕ್ಯ ನಿಮ್ಮದು ಇರಬೇಕು.

ಎರಡನೆಯ ವಾಕ್ಯ ಹುಟ್ಟದಿದ್ದಾಗ ಅಂಚಿನಲ್ಲಿ ನಾನು ಒಂದೇ ಪ್ರಶ್ನೆ ಬರೆಯುತ್ತೇನೆ: ಅದಕ್ಕೇನೀಗ? ಗಾಂಧಿ ಆ ಪತ್ರವನ್ನು ಅಂಚೆಗೆ ಹಾಕದೆ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನ ಕೈಯಲ್ಲಿ ಕಳಿಸಿದರು, ಹಾಗೆಂದು ಪತ್ರದಲ್ಲೂ ಹೇಳಿದರು. ಅದಕ್ಕೇನೀಗ? ಆಂಗ್ಲರ ಮೇಲೆ ದ್ವೇಷವಿಲ್ಲ ಎಂಬ ಮಾತಿಗೆ ಆ ತರುಣ ನಡೆದಾಡುವ ಸಾಕ್ಷಿಯಾದ. ಅದಕ್ಕೇನೀಗ? ಪತ್ರ ತಿರಸ್ಕರಿಸಿದರೆ ವೈಸರಾಯ್ ತನ್ನವರಲ್ಲೇ ಒಬ್ಬನನ್ನು ಬರಿಗೈಲಿ ಕಳಿಸಿದಂತೆ. ಎರಡು 'ಅದಕ್ಕೇನೀಗ' ಕೇಳುವಷ್ಟರಲ್ಲಿ ಪ್ಯಾರಾ ತುಂಬಿತು.

9. ವಾಕ್ಯವನ್ನು ಕಿವಿಯಿಂದ ಓದಿ

ಬರ್ಮಿಂಗ್‌ಹ್ಯಾಮ್ ಪತ್ರದಲ್ಲಿ 300 ಪದಕ್ಕೂ ಮೀರಿದ ಒಂದು ವಾಕ್ಯ ಇದೆ. ಕಾಯಿರಿ ಎಂದವರಿಗೆ ಕೊಟ್ಟ ಉತ್ತರ ಅದು. ಕಪ್ಪು ಜನರು ದಿನನಿತ್ಯ ಕಂಡುಂಡ ಹಿಂಸೆ, ಅವಮಾನಗಳು ಒಂದರ ಹಿಂದೆ ಒಂದು ಬರುತ್ತವೆ, ಪೂರ್ಣವಿರಾಮ ಮಾತ್ರ ಬರುವುದಿಲ್ಲ. ತರಗತಿಯಲ್ಲಿ ಒಬ್ಬರಿಂದ ಜೋರಾಗಿ ಓದಿಸುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ಓದುವವರಿಗೆ ಉಸಿರು ಕಟ್ಟುತ್ತದೆ, ಕೇಳುವವರು ಯಾವಾಗ ಮುಗಿಯುತ್ತದೋ ಎಂದು ಚಡಪಡಿಸುತ್ತಾರೆ. ಕಾಯುವುದು ಎಂದರೆ ಏನೆಂದು ಕಿಂಗ್ ವಿವರಿಸುವುದಿಲ್ಲ, ಓದುಗನನ್ನೇ ಕಾಯಿಸುತ್ತಾರೆ. ಕಣ್ಣಲ್ಲಿ ಓದಿದವರು ಇದನ್ನು ಉದ್ದ ವಾಕ್ಯ ಎಂದಷ್ಟೇ ಬರೆದಾರು.

10. ವಿಶ್ಲೇಷಣೆ ಎಂದರೆ ಪ್ರಶಸ್ತಿಯಲ್ಲ

ಇದು ವಿಶೇಷವಾಗಿ ನಮ್ಮ ಮನೆಗಳ ಮಕ್ಕಳಿಗೆ. ಗಾಂಧಿ ಎಂದ ಕೂಡಲೇ ಅವರ ಪ್ರಬಂಧ ಅಕ್ಟೋಬರ್ 2ರ ಭಾಷಣವಾಗುತ್ತದೆ: ಮಹಾತ್ಮರು, ಶಾಂತಿದೂತರು, ಜಗತ್ತಿಗೇ ಮಾದರಿ. ದೊಡ್ಡವರ ಮಾತನ್ನು ತಂತ್ರ ಎಂದು ಕರೆದರೆ ಅವರನ್ನು ಸಣ್ಣವರನ್ನಾಗಿಸಿದಂತೆ ಎಂಬ ಅಳುಕು ಅವರಲ್ಲಿ ಇರುತ್ತದೆ. "ಗಾಂಧೀಜಿ ಲೆಕ್ಕ ಹಾಕಿ ಬರೆದ್ರು ಅಂತ ಬರೀಬಹುದಾ ಮಿಸ್?" ಎಂದು ಕೇಳಿದವರಿದ್ದಾರೆ. ಬರೆಯಬಹುದು, ಬರೆಯಲೇಬೇಕು. ಮಾರ್ಚ್ 2ಕ್ಕೆ ಪತ್ರ, 11ರ ತನಕ ಗಡುವು, ವೈಸರಾಯ್ ಕಡೆಯಿಂದ ಬಂದದ್ದು ಕಾರ್ಯದರ್ಶಿ ಬರೆದ ಒಣ ಉತ್ತರ, 12ಕ್ಕೆ 78 ಮಂದಿಯೊಂದಿಗೆ ಸಾಬರಮತಿಯಿಂದ ಹೊರಟ ನಡಿಗೆ, ಏಪ್ರಿಲ್ 6ಕ್ಕೆ ದಂಡಿಯಲ್ಲಿ ಉಪ್ಪು. ಇಷ್ಟು ಕರಾರುವಾಕ್ಕಾಗಿ ಹೆಜ್ಜೆ ಇಟ್ಟವರು ಪದವನ್ನು ಮಾತ್ರ ಯೋಚಿಸದೆ ಇಟ್ಟಿರುತ್ತಾರೆಯೇ? ಮಾತಿನ ಕಸುಬು ಬಿಡಿಸಿ ತೋರಿಸುವುದೇ ಆ ಮನುಷ್ಯನಿಗೆ ಸಲ್ಲಿಸುವ ಗೌರವ.

ಮಾತಾಡುವ ಧ್ವನಿಯೂ ಬರೆದವನೂ ಒಂದೇ ಎಂದು ನಂಬುವುದು ಇದೇ ಅಳುಕಿನ ಇನ್ನೊಂದು ರೂಪ. ಐರ್ಲೆಂಡಿನ ಬಡವರು ತಮ್ಮ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರಲಿ ಎಂದು ಸಲಹೆ ಕೊಡುವ ಕರಪತ್ರವನ್ನು ಜೊನಾಥನ್ ಸ್ವಿಫ್ಟ್ 1729ರಲ್ಲಿ ಬರೆದ. ಅದನ್ನು ಓದಿ ಸಿಟ್ಟಾಗುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಸಿಟ್ಟು ಸರಿಯಾದದ್ದೇ. ಅದು ಹೋಗಬೇಕಾದ ವಿಳಾಸ ಸ್ವಿಫ್ಟ್ ಅಲ್ಲ, ಬಡವರನ್ನು ಅಂಕಿಯಾಗಿ ನೋಡುವವರು ಎಂದು ತೋರಿಸಿಕೊಟ್ಟರೆ ವ್ಯಂಗ್ಯದ ಪಾಠ ಮುಗಿಯಿತು.

11. ನಲವತ್ತು ನಿಮಿಷದಲ್ಲಿ ಹತ್ತು ನಿಮಿಷ ಬರೆಯದೆ ಇರಿ

ಮೂರು ಪ್ರಬಂಧಕ್ಕೆ ಒಟ್ಟು ಎರಡೂಕಾಲು ಗಂಟೆ, ಅದರಲ್ಲಿ ಹದಿನೈದು ನಿಮಿಷ ಓದಲು. ಒಂದಕ್ಕೆ ಸುಮಾರು ನಲವತ್ತು ನಿಮಿಷ ಬರುತ್ತದೆ. 2025ರಿಂದ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಟೈಪ್ ಮಾಡಬೇಕು. ಬೆರಳು ಓಡುತ್ತದೆ, ಯೋಚನೆ ಹಿಂದೆ ಬೀಳುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ಚೂರು ಕಾಗದದಲ್ಲಿ ಮೂರೇ ಮೂರು ಗುರುತು ಮಾಡಿಸುತ್ತೇನೆ: ಕೇಳುಗ ಯಾರು, ಮಾತು ಹೊರಳಿದ್ದೆಲ್ಲಿ, ಹೊರಳಿದಾಗ ಕೇಳುಗನಿಗೇನಾಯಿತು. ಪೀಠಿಕೆ ಎರಡು ವಾಕ್ಯ ಮೀರಬಾರದು. ಅನಾದಿ ಕಾಲದಿಂದಲೂ ಮನುಷ್ಯ ಎಂದು ಶುರುವಾದ ಪ್ರಬಂಧದಲ್ಲಿ ಸಮಯ ಅನಾದಿಯಲ್ಲೇ ಖರ್ಚಾಗುತ್ತದೆ. ಉಪಸಂಹಾರಕ್ಕೆ ಸಮಯ ಸಾಲದಿದ್ದರೆ ಒಂದು ವಾಕ್ಯ ಸಾಕು.

ಮನೆಗೆಲಸಕ್ಕೆ ಚಾಟ್‌ಜಿಪಿಟಿ ಹತ್ತಿರ ಬರೆಸಿ ತರುವವರ ಬಗ್ಗೆಯೂ ಅಪ್ಪ ಅಮ್ಮಂದಿರು ಕೇಳುತ್ತಾರೆ. ನಾನು ಅಂಥ ಪ್ರಬಂಧವನ್ನು ತರಗತಿಗೇ ತಂದು ಮಕ್ಕಳಿಂದ ಅಂಕ ಹಾಕಿಸುತ್ತೇನೆ. ಏಳನೆಯ ಪಾಠದ ಬೆರಳಿಡುವ ಪರೀಕ್ಷೆಯನ್ನು ಅವರೇ ಮಾಡುತ್ತಾರೆ. ಭಾಷೆ ನಯವಾಗಿದ್ದು ಒಳಗೆ ಕೇಳುಗನೇ ಇಲ್ಲದ ಪ್ಯಾರಾಗಳನ್ನು ಅವರು ಹುಡುಕಿ ತೆಗೆಯುವ ವೇಗ ನೋಡಿದರೆ, ಬರೆಯುವುದಕ್ಕಿಂತ ಮುಂಚೆ ಓದುವುದು ಬಂದಿದೆ ಎಂದು ಖಾತ್ರಿಯಾಗುತ್ತದೆ.

ಇನ್ನು ಅಪ್ಪ ಅಮ್ಮಂದಿರಿಗೆ, ಊರಿನಲ್ಲಿರುವ ನನ್ನ ಸಹೋದ್ಯೋಗಿ ಮೇಷ್ಟ್ರುಗಳಿಗೆ ಒಂದು ಮಾತು. ಈ ವಿದ್ಯೆಗೆ ದುಬಾರಿ ಕೋಚಿಂಗ್ ಬೇಕಿಲ್ಲ, ಇಂಗ್ಲಿಷೇ ಆಗಬೇಕೆಂದೂ ಇಲ್ಲ. ಫ್ಯಾಮಿಲಿ ಗ್ರೂಪಿಗೆ ಬಂದ ಒಂದು ವಾಟ್ಸಾಪ್ ಫಾರ್ವರ್ಡ್, ಇವತ್ತಿನ ಪತ್ರಿಕೆಯ ಸಂಪಾದಕೀಯ, ಚುನಾವಣೆಯ ಒಂದು ಭಾಷಣ, 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಡಿದ ಮಾತು, ಯಾವುದಾದರೂ ಆದೀತು. ಊಟಕ್ಕೆ ಕೂತಾಗ ಮಕ್ಕಳ ಮುಂದೆ ಇಟ್ಟು ನಾಲ್ಕು ಪ್ರಶ್ನೆ ಕೇಳಿ: ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಈಗಲೇ ಯಾಕೆ? ನಮ್ಮಿಂದ ಏನಾಗಬೇಕೆಂದು? ಅದಕ್ಕೆ ಈ ಪದವನ್ನೇ ಯಾಕೆ ಆರಿಸಿಕೊಂಡರು? ಈ ನಾಲ್ಕಕ್ಕೆ ಉತ್ತರ ಹುಡುಕುವುದು ರೂಢಿಯಾದ ಮಗುವಿಗೆ ಆರಕ್ಕೆ ಐದು ಅಂಕ ಕಷ್ಟವಲ್ಲ. ಅದಕ್ಕಿಂತ ಮುಖ್ಯ, ನಾಳೆ ಓಟು ಕೇಳಲು ಬಂದವರ, ಸಾಲ ಮಾರಲು ಬಂದವರ, ದೇಶದ ಹೆಸರಿನಲ್ಲೋ ಧರ್ಮದ ಹೆಸರಿನಲ್ಲೋ ಸಿಟ್ಟೆಬ್ಬಿಸಲು ಬಂದವರ ಮಾತಿಗೆ ಆ ಮಗು ಸುಲಭಕ್ಕೆ ಸಿಗುವುದಿಲ್ಲ. ಇವತ್ತೇ ಶುರು ಮಾಡಿ.